ನಲವತ್ತೊಂದು ಮೆಟ್ಟಿಲು

"ಆ ಕಂಬದ ಮೇಲಿಂದ ಕೈ ತೆಗೀರಿ."

ಕ್ಲೇರ್ವಿ ದನಿ ಏರಿಸಿರಲಿಲ್ಲ. ಆದರೂ ಆ ಅಪರಿಚಿತ ಬಿಸಿ ತಾಗಿದವನಂತೆ ಕೈ ಹಿಂದೆಳೆದುಕೊಂಡ.

ಅವಳ ಕೈಯಲ್ಲಿ ಇನ್ನೂ ಕತ್ತರಿ ಇತ್ತು. ಬೀದಿ ಕಡೆಯ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಯಾರದೋ ಮದುವೆಯ ಉಡುಪಿನ ಅಂಚು ಬಿಚ್ಚುತ್ತಿದ್ದವಳು, ಒಳಗಿನ ಪಡಸಾಲೆಯಲ್ಲಿ ಹೆಜ್ಜೆ ಸದ್ದು ಕೇಳಿ ಎದ್ದು ಬಂದಿದ್ದಳು.

"ಬಾಗಿಲು ತೆರೆದಿತ್ತು ಮದಾಂ. ಕೂಗಿದೆ, ಯಾರೂ ಓಗೊಡಲಿಲ್ಲ..." ಅವನು ಟೋಪಿ ತೆಗೆದ. ನಲವತ್ತರ ಆಸುಪಾಸು, ಕಿವಿಯ ಬಳಿ ನರೆತ ಕೂದಲು. "ರಕ್ಷಿತ ಕಟ್ಟಡಗಳ ಕಚೇರಿಯಿಂದ ಬಂದಿದ್ದೀನಿ. ಬ್ರಿಯಾಕ್ ಅಂತ. ಮೆಟ್ಟಿಲಿನ ಅಳತೆ ತಗೋಬೇಕಿತ್ತು."

ಕಚೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕ್ಲೇರ್ವಿಯ ಎದೆಯಲ್ಲಿ ನಾಲ್ಕು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿ ಬಂತು.

ನಾಲ್ಕು ದಿನದ ಹಿಂದೆ ಅದೇ ಕಚೇರಿಯಿಂದ ಪತ್ರ ಬಂದಿತ್ತು. ಲಿಫ್ಟ್ ಕೂರಿಸಬೇಕಾದರೆ ಐನೂರು ವರ್ಷದ ಕೆತ್ತನೆಯ ಕಂಬವನ್ನೂ ಎರಡು ಮರದ ಸೇತುವೆಗಳನ್ನೂ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಅನುಮತಿ ಇಲ್ಲ. ಅರ್ಜಿದಾರರು ಬೇರೆ ಉಪಾಯ ಹುಡುಕಿಕೊಳ್ಳಬಹುದು. ಕೆಳಗೆ ಓದಲಾಗದ ಒಂದು ಸಹಿ.

ಬೇರೆ ಉಪಾಯ...

"ತಗೊಳ್ಳಿ, ಅಳತೆ ತಗೊಳ್ಳಿ," ಎಂದಳು. "ಹಾಗೇ ಅವರದ್ದೂ ತಗೊಂಡುಬಿಡಿ. ಎಂಬತ್ತೊಂದು ವರ್ಷ, ಎಪ್ಪತ್ತೆರಡು ಕಿಲೋ. ಜನವರಿಯಲ್ಲಿ ಸೊಂಟದ ಮೂಳೆ ಮುರೀತು. ಬರಕೊಂಡ್ರಾ?"

ಬ್ರಿಯಾಕ್ ತಿರುಗಿ ನೋಡಿದ. ದೊಡ್ಡ ಒಲೆಗೂಡಿನ ಪಕ್ಕದಲ್ಲಿ ಕಬ್ಬಿಣದ ಮಂಚ. ಅದರಲ್ಲಿ ದಿಂಬಿಗೊರಗಿ ಕೂತ ಮುದುಕರೊಬ್ಬರು ಇಬ್ಬರನ್ನೂ ಕುತೂಹಲದಿಂದ ನೋಡುತ್ತಿದ್ದರು.

"ಎಪ್ಪತ್ತು," ಎಂದರು ಮುದುಕರು. "ಎರಡು ಕಿಲೋ ಆಸ್ಪತ್ರೆ ಊಟ ತಿಂದುಬಿಡ್ತು."

ಅವರು ಗೊನೆರಿ, ಕ್ಲೇರ್ವಿಯ ಮಾವ. ಮೂವತ್ತೆರಡು ವರ್ಷ ಹಡಗುಗಳಲ್ಲಿ ಹಗ್ಗದ ಮೇಸ್ತ್ರಿಯಾಗಿದ್ದವರು. ಅವರು ಹುಟ್ಟಿದ್ದು, ಹೆಂಡತಿಯೊಡನೆ ಸಂಸಾರ ಮಾಡಿದ್ದು, ಒಬ್ಬನೇ ಮಗ ಯೂವೆನ್‌ನನ್ನು ಆಡಿಸಿದ್ದು ಎಲ್ಲ ಈ ಮನೆಯ ಮೂರನೇ ಅಂತಸ್ತಿನ ಕೋಣೆಯಲ್ಲೇ. ಅಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ. ಒಬ್ಬರು ನಡೆದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಸುರುಳಿ ಮೆಟ್ಟಿಲು. ಸ್ಟ್ರೆಚರ್ ತಿರುಗುವುದಿಲ್ಲ, ಕುರ್ಚಿ ಹಿಡಿಯುವುದಿಲ್ಲ.

ಆ ಪಡಸಾಲೆಯೋ ಮಾಡಿನವರೆಗೂ ಬಾವಿಯಂತೆ ತೆರೆದೇ ಇತ್ತು. ಬೆಳಕು ಇಳಿಯುತ್ತಿದ್ದದ್ದು ಎತ್ತರದ ಗಾಜಿನಿಂದ ಮಾತ್ರ. ಪ್ರತಿ ಅಂತಸ್ತಿನಲ್ಲೂ ಮೆಟ್ಟಿಲಿನಿಂದ ಹೊರಟ ಮರದ ಸೇತುವೆ ಬೀದಿ ಕಡೆಯ ಕೋಣೆಗಳನ್ನೂ ಹಿತ್ತಿಲ ಕಡೆಯ ಕೋಣೆಗಳನ್ನೂ ಸೇರಿಸುತ್ತಿತ್ತು. ಮಂಚದಲ್ಲಿ ಅಂಗಾತ ಮಲಗಿದರೆ ಗೊನೆರಿಗೆ ತಮ್ಮ ಕೋಣೆಯ ಬಾಗಿಲು ಕಾಣುತ್ತಿತ್ತು. ಮೂರು ತಿಂಗಳಿಂದ ಅವರು ಆ ಬಾಗಿಲನ್ನು ಕೆಳಗಿನಿಂದಲೇ ನೋಡುತ್ತಿದ್ದರು.

"ನಾನೊಮ್ಮೆ ಹೊತ್ಕೊಂಡು ಹತ್ತಿದೆ," ಕ್ಲೇರ್ವಿ ಹೇಳಿದಳು. "ಹನ್ನೊಂದನೇ ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಂಡ್ವಿ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅರ್ಧ ಗಂಟೆ. ನಿಮ್ಮ ಕಚೇರಿಯಲ್ಲಿ ಆ ಕಾಗದ ಬರೆದ ಮಹಾನುಭಾವ ಒಂದು ಸಲ ಬಂದು ಹೊತ್ಕೊಂಡು ಹೋಗ್ತಾನಾ ಕೇಳಿ."

ಬ್ರಿಯಾಕ್ ಏನೋ ಹೇಳಲು ಬಾಯಿ ತೆರೆದವನು, ಅಳತೆಯ ಉಪಕರಣವನ್ನು ನೆಲದ ಮೇಲಿಟ್ಟ. ಕೋಟು ಬಿಚ್ಚಿದ. ಮಂಚದ ಬಳಿ ಬೆನ್ನು ತೋರಿಸಿ ಕುಕ್ಕರುಗಾಲಲ್ಲಿ ಕೂತ.

"ಯಜಮಾನ್ರೇ, ಕೈ ಕೊರಳಿಗೆ ಹಾಕ್ಕೊಳ್ಳಿ."

"ಬೀಳಿಸ್ತೀಯಾ?" ಗೊನೆರಿ ಕೇಳಿದರು.

"ಗೊತ್ತಿಲ್ಲ. ಇದೇ ಮೊದಲು."

"ನಿಜ ಹೇಳೋ ಮನುಷ್ಯ," ಎನ್ನುತ್ತ ಮುದುಕರು ಕೈ ಹಾಕಿಯೇಬಿಟ್ಟರು.

ನಲವತ್ತೊಂದು ಮೆಟ್ಟಿಲು. ಕ್ಲೇರ್ವಿ ಹಿಂದೆ ಹಿಂದೆ ಹತ್ತುತ್ತ, ಎರಡೂ ಕೈ ಚಾಚಿಕೊಂಡೇ ಇದ್ದಳು. ಇಪ್ಪತ್ತನೆಯದರಲ್ಲಿ ಅವನ ಉಸಿರು ಸಿಳ್ಳೆ ಹಾಕಿತು. ಮೂವತ್ತರಲ್ಲಿ ಅವನ ಕಾಲು ನಡುಗಿತು. ನಿಲ್ಲಲಿಲ್ಲ.

ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿದಾಗ ಭರತದ ಹೊತ್ತು. ಕೆಳಗೆ ಬಂದರಿನಲ್ಲಿ ನೀರು ತುಂಬಿ ದೋಣಿಗಳ ಕಂಬಗಳೆಲ್ಲ ಅಲುಗುತ್ತಿದ್ದವು. ಗೊನೆರಿ ಕಿಟಕಿಯ ಚಿಲಕವನ್ನು ಬೆರಳಿನಿಂದ ಒಮ್ಮೆ ಸವರಿದರು, ಅಷ್ಟೆ. ಅವರ ಗಲ್ಲ ಅದುರುತ್ತಿತ್ತು.

ಬ್ರಿಯಾಕ್ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ನಿಂತಿದ್ದ. ಮುದುಕರ ಕಣ್ಣೀರನ್ನು ತಾನು ನೋಡಬಾರದೆಂದು ಹಾಗೆ ನಿಂತಿದ್ದಾನೆ ಎಂಬುದು ಕ್ಲೇರ್ವಿಗೆ ಅರ್ಥವಾಯಿತು.

ಅವಳು ನೀರು ತರಲು ಇಳಿದು ಹೋದಳು. ಮರಳಿ ಬಂದಾಗ ಗಂಡಸರಿಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದವರು ಥಟ್ಟನೆ ಸುಮ್ಮನಾದರು.

"ಎರಡು ರಾತ್ರಿ ಇಲ್ಲೇ ಮಲಗಲಿ," ಎಂದ ಬ್ರಿಯಾಕ್, ಲೋಟ ತೆಗೆದುಕೊಳ್ಳುತ್ತ. "ಭಾನುವಾರ ಸಂಜೆ ಬಂದು ಇಳಿಸ್ತೀನಿ."

"ನೀವು ಯಾಕೆ ಬರ್ಬೇಕು?"

"ಹತ್ತಿಸಿದವನೇ ಇಳಿಸ್ಬೇಕಲ್ವಾ ಮದಾಂ?"

ಅವನು ಹೋದ ಮೇಲೆ ನೋಡಿದರೆ, ಅಳತೆಯ ಉಪಕರಣ ಕೆಳಗೆ ನೆಲದ ಮೇಲೇ ಉಳಿದಿತ್ತು. ಅವನು ಏನನ್ನೂ ಅಳೆದಿರಲಿಲ್ಲ.

*

ಹಾಗೆ ಶುರುವಾಯಿತು.

ಸೋಮವಾರ, ಗುರುವಾರ ಆಸ್ಪತ್ರೆಯ ವ್ಯಾನು ಬಂದು ಗೊನೆರಿಯನ್ನು ವ್ಯಾಯಾಮಕ್ಕೆ ಕರೆದೊಯ್ಯುತ್ತಿತ್ತು. ಆ ದಿನಗಳಲ್ಲಿ ಅವರು ಕೆಳಗಿರಲೇಬೇಕು. ಆದರೆ ಪ್ರತಿ ಶನಿವಾರ ಬೆಳಗ್ಗೆ ಬ್ರಿಯಾಕ್ ಬರುತ್ತಿದ್ದ, ಅವರನ್ನು ಹೊತ್ತು ಹತ್ತುತ್ತಿದ್ದ. ಭಾನುವಾರ ಸಂಜೆ ಬಂದು ಇಳಿಸುತ್ತಿದ್ದ. ಮೇ ತಿಂಗಳ ಹೊತ್ತಿಗೆ ಏದುಸಿರಿಲ್ಲದೆ ಹತ್ತುವುದು ಅಭ್ಯಾಸವಾಯಿತು.

"ಕುದುರೆ ಪಳಗ್ತು," ಎನ್ನುತ್ತಿದ್ದರು ಗೊನೆರಿ ಅವನ ಬೆನ್ನ ಮೇಲಿಂದ. "ಇನ್ನು ಓಟ ಕಲಿಸ್ಬೇಕು."

"ಯಜಮಾನ್ರೇ, ಬೆಣ್ಣೆ ಕಡಿಮೆ ತಿನ್ನಿ."

"ಬೆಣ್ಣೆ ಬಿಟ್ಟು ಬದುಕೋಕೆ ನಾನೇನು ಪ್ಯಾರಿಸ್ಸಿನವನಾ?"

ಮೊದಲೆರಡು ವಾರ ಕ್ಲೇರ್ವಿ ಅವನಿಗೆ ಕಾಫಿ ಕೊಟ್ಟಳು, ಬಾಗಿಲ ಬಳಿ ನಿಂತೇ. ಮೂರನೇ ವಾರ ಮಾರುಕಟ್ಟೆಯಿಂದ ಬರುವಾಗ ಅವಳಿಗೇ ಗೊತ್ತಿಲ್ಲದೆ ಮೊಟ್ಟೆ ಎರಡು ಹೆಚ್ಚು ತಂದಿದ್ದಳು. ಕಪ್ಪು ಹಿಟ್ಟಿನ ದೋಸೆಯಂಥ ಗಲೆತ್ ಹುಯ್ದು, ಮೊಟ್ಟೆ ಒಡೆದು, ಅಂಚು ಮಡಚಿ ತಟ್ಟೆಗೆ ಹಾಕಿದಳು. ಅವನು ನಾಲ್ಕು ತಿಂದ. ಐದನೆಯದನ್ನು ಕೇಳಲು ನಾಚಿ ಬಾಣಲೆಯನ್ನೇ ನೋಡುತ್ತ ಕೂತ.

ಕ್ಲೇರ್ವಿ ನಕ್ಕಳು.

ನಕ್ಕು, ತಾನೇ ಬೆಚ್ಚಿದಳು. ಗಂಡ ಯೂವೆನ್ ರಕ್ತದ ಕಾಯಿಲೆಯಿಂದ ಏಳು ತಿಂಗಳು ನರಳಿ ತೀರಿಹೋಗಿ ಆರು ವರ್ಷವಾಗಿತ್ತು. ಈ ಅಡುಗೆಮನೆಯಲ್ಲಿ ತನ್ನ ನಗು ಕೊನೆಯ ಬಾರಿ ಕೇಳಿದ್ದು ಯಾವಾಗ... ಅವಳಿಗೆ ನೆನಪಾಗಲಿಲ್ಲ.

"ಈ ಹಳೇ ಮರದ ಮೇಲೆ ಇಷ್ಟೊಂದು ಮೋಹ ಯಾಕೆ ನಿಮಗೆ?" ಒಂದು ದಿನ ಕೇಳಿದಳು. ಇಬ್ಬರೂ ಎರಡನೇ ಅಂತಸ್ತಿನ ಸೇತುವೆಯ ಮೇಲೆ ನಿಂತಿದ್ದರು. ಅವನು ಕಂಬದ ಮೇಲಿನ ಒಂದು ಕೆತ್ತನೆಯ ಧೂಳನ್ನು ಕುಂಚದಿಂದ ಒರೆಸುತ್ತಿದ್ದ. ನಾರು ನೂಲುವ ಹೆಂಗಸೊಬ್ಬಳು. ಮೂಗು ಸವೆದು ಹೋಗಿತ್ತು.

"ನಾನು ಬ್ರೆಸ್ತ್‌ನವನು," ಎಂದ. "ಯುದ್ಧದಲ್ಲಿ ನಮ್ಮೂರಿನ ಮೇಲೆ ಬಿದ್ದ ಬಾಂಬುಗಳು ನಿಮಗೆ ಗೊತ್ತಲ್ಲ. ಏನೂ ಉಳೀಲಿಲ್ಲ. ನಾನು ಬೆಳೆದದ್ದು ಕಾಂಕ್ರೀಟಿನ ಎಂಟನೇ ಮಹಡಿಯಲ್ಲಿ. ಅಜ್ಜಿ ಪೇಟೆಗೆ ಕರ್ಕೊಂಡು ಹೋದಾಗ ಬರೀ ಗಾಳಿ ಕಡೆ ಕೈ ತೋರಿಸೋಳು. ಇಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು, ಇಲ್ಲಿ ಮೆಟ್ಟಿಲಿತ್ತು, ಇಲ್ಲಿ ಕೂತು ಬಟಾಣಿ ಸುಲೀತಿದ್ವಿ ಅಂತ. ನಾನು ನೋಡಿದ್ರೆ ಪಾರ್ಕಿಂಗು." ಅವನು ಕುಂಚ ಕೆಳಗಿಟ್ಟ. "ಇರೋದು ಇರಲಿ ಅನ್ಸುತ್ತೆ. ಅಷ್ಟೇ."

ಕ್ಲೇರ್ವಿ ಅವನನ್ನು ಕಂಬದ ಹಿಂಬದಿಗೆ ಕರೆದಳು. ಅಲ್ಲಿ ಚಾಕುವಿನಿಂದ ಕೊರೆದ ಸಣ್ಣ ಗೆರೆಗಳು, ಒಂದರ ಮೇಲೊಂದು.

"ಯೂವೆನ್ ಎತ್ತರ. ಪ್ರತಿ ಹುಟ್ಟುಹಬ್ಬಕ್ಕೂ ಮಾವ ಕೊರೀತಿದ್ರಂತೆ. ಇದನ್ನ ಹಾನಿ ಅಂತ ಬರೀತೀರಾ?"

ಅವನು ಬಗ್ಗಿ ನೋಡಿದ. "ಇಲ್ಲ. ಮನೆಯವರ ಗುರುತು ಅಂತ ಬರೀತೀನಿ. ಇದೂ ಉಳೀಬೇಕಾದ್ದೇ."

ಆ ಕ್ಷಣ ಕ್ಲೇರ್ವಿಗೆ ತನ್ನ ಮನಸ್ಸು ಯಾವ ಕಡೆ ವಾಲುತ್ತಿದೆ ಎಂಬುದು ಸ್ಪಷ್ಟವಾಯಿತು. ಹೆದರಿಕೆಯೂ ಆಯಿತು. ಹಳೆಯ ಗೆರೆಗಳನ್ನು ಇಷ್ಟು ಗೌರವದಿಂದ ನೋಡುವವನ ಎದುರು ತಾನು ಹೇಗೆ ಗಟ್ಟಿಯಾಗಿ ನಿಲ್ಲುವುದು...

ಜುಲೈಯಲ್ಲಿ ಅವನು ಮಾಡಿನ ತೊಲೆಗಳನ್ನು ನೋಡಬೇಕೆಂದು ಏಣಿ ಹಾಕಿ ಹತ್ತಿದ. ಇಳಿದಾಗ ಕೂದಲ ತುಂಬ ಜೇಡರ ಬಲೆ, ಕಣ್ಣಲ್ಲಿ ಹೊಳಪು. ಅಂದಿನಿಂದ ಶನಿವಾರಗಳಲ್ಲಿ ಅವನೂ ಗೊನೆರಿಯೂ ಮೇಲಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಗುಸುಗುಸು ಮಾಡತೊಡಗಿದರು. ಕ್ಲೇರ್ವಿ ಕೇಳಿದರೆ, "ಗಂಡಸರ ಇಸ್ಪೀಟು," ಎಂದರು ಮುದುಕರು.

*

ಸೆಪ್ಟೆಂಬರ್ ಕೊನೆಯಲ್ಲಿ ಎರಡನೇ ಪತ್ರ ಬಂತು.

ಬೇಸಿಗೆಯಲ್ಲಿ ಕ್ಲೇರ್ವಿ ಒಂದು ಮೇಲ್ಮನವಿ ಹಾಕಿದ್ದಳು. ಚಳಿ ಶುರುವಾದರೆ ಆ ಕಲ್ಲು ನೆಲದ ಪಡಸಾಲೆಯಲ್ಲಿ ಮಾವನ ಎದೆ ಕಟ್ಟುತ್ತದೆ ಎಂದು ವೈದ್ಯರು ಆಗಲೇ ಎಚ್ಚರಿಸಿದ್ದರು. ಗೊನೆರಿಯ ತಂಗಿಯ ಮಗಳು ಆನೇಗ್ ಪ್ರತಿ ವಾರ ಫೋನ್ ಮಾಡಿ, ಕಡಲ ಕಡೆಯ ವೃದ್ಧಾಶ್ರಮದಲ್ಲಿ ಡಿಸೆಂಬರಿಗೆ ಒಂದು ಕೋಣೆ ಖಾಲಿಯಾಗುತ್ತೆ, ಹೆಸರು ಬರೆಸಲಾ ಎಂದು ಕೇಳುತ್ತಿದ್ದಳು.

ಅಂಗಡಿಯ ಯಂತ್ರದ ಮುಂದೆ ಕೂತೇ ಕ್ಲೇರ್ವಿ ಲಕೋಟೆ ಒಡೆದಳು.

"ಏಪ್ರಿಲ್ ತಿಂಗಳಲ್ಲಿ ಶ್ರೀ ಬ್ರಿಯಾಕ್ ಕೆರ್ಮಾರೆಕ್ ಅವರು ನೀಡಿದ ನಿರಾಕರಣೆಯನ್ನು ಎತ್ತಿಹಿಡಿಯಲಾಗಿದೆ."

ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

ಏಪ್ರಿಲ್‌ನ ಆ ಓದಲಾಗದ ಸಹಿ... ಬ್ರಿಯಾಕ್. ಕಚೇರಿಯ ಆ ಮಹಾನುಭಾವ ಅವನೇ.

ಶನಿವಾರ ಅವನು ಬಂದಾಗ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಪತ್ರ ಚಾಚಿದಳು.

ಅವನು ಓದಿದ. ಮುಖದ ಬಣ್ಣ ಹೋಯಿತು. "ಹೌದು," ಎಂದ. "ನಾನೇ."

"ಆರು ತಿಂಗಳು ನಮ್ಮನೆ ಗಲೆತ್ ತಿಂದ್ರಿ. ಒಂದು ಸಲವೂ ಬಾಯಿಗೆ ಬರಲಿಲ್ವಾ?"

"ಹೇಳಬೇಕಿತ್ತು."

"ಹೇಳಬೇಕಿತ್ತು. ಅಷ್ಟೇನಾ?" ಅವಳು ಪತ್ರ ಕಿತ್ತುಕೊಂಡಳು. "ಏನು, ಪಾಪ ತೊಳೆಯೋಕೆ ಬರ್ತಿದ್ರಾ? ಕಾಗದದಲ್ಲಿ ಇಲ್ಲ ಅಂತ ಬರೆದು, ಬೆನ್ನ ಮೇಲೆ ಹೊತ್ಕೊಂಡು ಲೆಕ್ಕ ಸರಿ ಮಾಡ್ಕೊಳ್ತಿದ್ರಾ? ನಮ್ಮ ಮೇಲೆ ಕನಿಕರ ಬಂತಾ?"

ಅವನು ಅವಳ ಭುಜದಾಚೆ, ಒಳಗಿನ ಮಂಚದ ಕಡೆ ಒಮ್ಮೆ ನೋಡಿದ. ಗೊನೆರಿ ಕಣ್ಣು ತಗ್ಗಿಸಿದರು.

"ಕನಿಕರ ಅಲ್ಲ," ಎಂದಷ್ಟೇ ಹೇಳಿದ ಬ್ರಿಯಾಕ್.

"ಇನ್ನು ಬರ್ಬೇಡಿ."

ಅವನು ಹೋದ. ಬಾಗಿಲು ಮುಚ್ಚಿ ಕ್ಲೇರ್ವಿ ಅದಕ್ಕೇ ಒರಗಿ ನಿಂತಳು. ಅತ್ತರೆ ಮಾವನಿಗೆ ಕೇಳಿಸುತ್ತದೆಂದು ಮುಷ್ಟಿ ಕಚ್ಚಿಕೊಂಡಳು.

*

ಮೂರು ಶನಿವಾರ ಹೀಗೇ ಹೋದವು.

ಗೊನೆರಿ ಮೇಲೆ ನೋಡುವುದನ್ನೇ ಬಿಟ್ಟರು. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆನೇಗ್ ಫೋನ್ ಮಾಡಿದಾಗ ತಾವೇ ರಿಸೀವರ್ ಕೇಳಿ ತೆಗೆದುಕೊಂಡು, "ಬರೆಸಮ್ಮ ಹೆಸರು," ಎಂದುಬಿಟ್ಟರು.

"ಮಾವ, ಏನಿದು?" ಕ್ಲೇರ್ವಿ ಮಂಚದ ಅಂಚಿಗೆ ಕೂತಳು.

"ಕೂತ್ಕೋ ಮಗಳೇ. ಒಂದು ಮಾತಿದೆ. ಹೇಳಿದ ಮೇಲೆ ಬೈಬೇಕಾದ್ರೆ ಬೈ."

ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತತೊಡಗಿದರು. ಹಗ್ಗ ಹಿಡಿದು ದಪ್ಪಗಟ್ಟಿದ ಬೆರಳುಗಳು.

"ಆ ಹುಡುಗ ಮೊದಲನೇ ದಿನವೇ ನನಗೆ ಹೇಳಿದ. ಮೇಲೆ, ನೀನು ನೀರಿಗೆ ಹೋದಾಗ. ಆ ಕಾಗದ ಬರೆದವನು ನಾನೇ, ಈಗ ಮದಾಂಗೆ ಹೇಳ್ತೀನಿ ಅಂದ. ನಾನೇ ಬೇಡ ಅಂದೆ."

ಕ್ಲೇರ್ವಿ ಹೊದಿಕೆಯ ಮೇಲಿಟ್ಟಿದ್ದ ಕೈ ಹಿಂದೆಳೆದುಕೊಂಡಳು.

"ಹೇಳಿದ್ರೆ ನೀನು ಓಡಿಸ್ತಿದ್ದೆ. ಓಡಿಸಿದ್ರೆ ನನ್ನ ಕಿಟಕಿ ಹೋಗ್ತಿತ್ತು. ಸ್ವಾರ್ಥ ಕಣೇ. ಬರೀ ಸ್ವಾರ್ಥ."

"ಆಮೇಲಾದ್ರೂ..."

"ಜೂನ್‌ನಲ್ಲಿ ಮತ್ತೆ ಕೇಳ್ದ. ಅವರಿಗೆ ಸುಳ್ಳು ಹೇಳ್ಕೊಂಡು ಅವರ ಮೇಜಲ್ಲಿ ಕೂತ್ಕೊಳ್ಳೋಕೆ ಆಗ್ತಿಲ್ಲ ಅಂದ. ಆಗಲೂ ಬೇಡ ಅಂದೆ, ಆಣೆ ಹಾಕಿಸ್ಕೊಂಡೆ. ಆ ಸಲದ ಕಾರಣ ಬೇರೆ." ಮುದುಕರ ದನಿ ತಗ್ಗಿತು. "ನೀನು ಅಡುಗೆಮನೆಯಲ್ಲಿ ನಗ್ತಿದ್ದೆ. ನನಗೆ ಮೇಲಿನ ತನಕ ಕೇಳ್ತಿತ್ತು. ಸಂತೋಷ ಆಯ್ತು... ಸುಳ್ಳು ಹೇಳಲ್ಲ, ಹೆದರಿಕೆನೂ ಆಯ್ತು. ಯೂವೆನ್ ಹೋದ. ಈಗ ಇವಳೂ ಇವನ ಜೊತೆ ಹೋದ್ರೆ? ಆ ಗುಟ್ಟು ನನ್ನ ಕೈಲಿದ್ರೆ, ನಿಮ್ಮಿಬ್ಬರ ನಡುವೆ ಒಂದು ಗೋಡೆ ಇರುತ್ತೆ ಅನ್ನಿಸ್ತು. ಬೇಕಾದಾಗ ಎಬ್ಬಿಸ್ಬಹುದು ಅಂತ."

"ಮಾವ..."

"ಮಗ ಹೋದ ಮನೆಯಲ್ಲಿ ಸೊಸೆನ ಕಟ್ಟಿಹಾಕಿದೆ. ಇದಕ್ಕಿಂತ ಆ ಆಶ್ರಮ ವಾಸಿ."

ಕ್ಲೇರ್ವಿ ಎದ್ದು ಹೋಗಿ ಒಲೆಗೂಡಿನ ಮುಂದೆ ಬೆನ್ನು ತಿರುಗಿಸಿ ನಿಂತಳು. ಸಿಟ್ಟು ಬಂದಿತ್ತು. ನಿಜವಾದ ಸಿಟ್ಟು. ಆರು ವರ್ಷ ಇವರ ಬಟ್ಟೆ ಒಗೆದೆ, ಔಷಧಿ ಕೊಟ್ಟೆ. ನಾನು ಬಿಟ್ಟು ಹೋಗ್ತೀನಿ ಅಂತ ಇವರಿಗೆ ಅನ್ನಿಸಿದ್ದಾದ್ರೂ ಹೇಗೆ...

ಆದರೆ ತಿರುಗಿದಾಗ ಕಂಡದ್ದು ಮಂಚದ ಮೇಲೆ ಕುಗ್ಗಿ ಕೂತ, ಬೈಗುಳಕ್ಕೆ ಕಾಯುತ್ತಿದ್ದ ಮುದುಕ.

"ನಾನು ಈ ಮನೆಗೆ ಯೂವೆನ್ ಕೈ ಹಿಡ್ಕೊಂಡು ಬಂದೆ," ಎಂದಳು ನಿಧಾನವಾಗಿ. "ಆದ್ರೆ ಉಳಿದದ್ದು ನಿಮಗೋಸ್ಕರ, ನನಗೋಸ್ಕರ. ಯಾರೂ ಕಟ್ಟಿಹಾಕಿಲ್ಲ. ಇನ್ನೊಂದು ಸಲ ಹೀಗೆ ನನ್ನ ಬದುಕನ್ನ ನೀವು ನಡೆಸೋಕೆ ಬಂದ್ರೆ ಮಾತ್ರ ಬೆಣ್ಣೆ ನಿಲ್ಲಿಸ್ತೀನಿ."

ಗೊನೆರಿ ಕಣ್ಣೊರೆಸಿಕೊಂಡರು. "ಮೇಲೆ ಹೋಗು," ಎಂದರು. "ನನ್ನ ಮೇಜಿನ ಖಾನೆ ತೆಗಿ."

ಖಾನೆಯಲ್ಲಿ ಹತ್ತಾರು ಹಾಳೆಗಳಿದ್ದವು. ಬ್ರಿಯಾಕ್‌ನ ಅಚ್ಚುಕಟ್ಟಾದ ಗೆರೆಗಳು. ಮಾಡಿನ ನಡುತೊಲೆ, ಅದರ ಮೇಲೆ ಹಗ್ಗ ಉಜ್ಜಿ ಉಜ್ಜಿ ಆದ ಆಳವಾದ ಎರಡು ಕುಳಿಗಳು. ಪಕ್ಕದಲ್ಲಿ ಬರೆದಿದ್ದ: "ಬಟ್ಟೆ ವ್ಯಾಪಾರಿಗಳ ಕಾಲದಲ್ಲಿ ನಾರುಬಟ್ಟೆಯ ಮೂಟೆಗಳನ್ನು ಪಡಸಾಲೆಯಿಂದ ನೇರ ಮೇಲಕ್ಕೆ ಎಳೆಯುತ್ತಿದ್ದ ರಾಟೆಯ ಜಾಗ. ಇಲ್ಲೇ ಮತ್ತೆ ರಾಟೆ ಕೂರಿಸಿದರೆ ಒಂದು ಮೊಳೆಯನ್ನೂ ಹೊಡೆಯಬೇಕಿಲ್ಲ. ಬೇಕಾದಾಗ ಬಿಚ್ಚಿಡಬಹುದು." ಕೆಳಗೆ ತೂಗುಗುರ್ಚಿಯ ಚಿತ್ರ, ಹಗ್ಗ ಹಿಂದೆ ಜಾರದಂತೆ ತಡೆಹಲ್ಲಿನ ಚಕ್ರ, ಜೋಡಿ ಹಗ್ಗ. ಅಂಚಿನಲ್ಲಿ ಮಾವನ ಕೋಳಿಕಾಲಿನ ಅಕ್ಷರ: "ಈ ಗಂಟು ಸಾಲದು. ಬೇರೆ ಹಾಕು, ದಡ್ಡ."

ಇಸ್ಪೀಟು...

ಕೊನೆಯಲ್ಲಿ ತುಂಬಿದ ಅರ್ಜಿ ನಮೂನೆ. ಅರ್ಜಿದಾರರ ಸಹಿಯ ಜಾಗ ಖಾಲಿ. ಸಲ್ಲಿಸಲು ಕೊನೆಯ ದಿನ ಈ ಶುಕ್ರವಾರ.

*

ಗುರುವಾರ ಕ್ಲೇರ್ವಿ ಅಂಗಡಿಗೆ ಬೀಗ ಹಾಕಿ, ಕಚೇರಿಯಿದ್ದ ಕೆಂಪೇರ್ ಪಟ್ಟಣದ ಬಸ್ಸು ಹತ್ತಿದಳು.

ಕಚೇರಿಯಲ್ಲಿ ಮೇಜಿನ ಹಿಂದೆ ಇದ್ದದ್ದು ಕನ್ನಡಕದ ಹೆಂಗಸು. ಕಡತ ತಂದು ಬಿಡಿಸಿ, ನಮೂನೆ ಪರೀಕ್ಷಿಸಿ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದಳು.

"ಶ್ರೀ ಕೆರ್ಮಾರೆಕ್ ಇದನ್ನ ನೋಡ್ತಾರಾ?" ಕ್ಲೇರ್ವಿ ಕೇಳಿದಳು.

"ಇಲ್ಲ, ನಾನು. ಅವರು ಆಗಸ್ಟ್‌ನಲ್ಲೇ ಈ ಕಡತ ಬಿಟ್ಟುಕೊಟ್ರು. ಮೇಲ್ಮನವಿಗೆ ಉತ್ತರ ಬರೆದದ್ದೂ ನಾನೇ. ಆಗ ನನ್ನೆದುರಿಗೆ ಇದ್ದದ್ದು ಲಿಫ್ಟು ಮಾತ್ರ, ಈ ರಾಟೆ ಅಲ್ಲ." ಹೆಂಗಸು ಒಂದು ಹಾಳೆಯ ಮೇಲೆ ಕಣ್ಣು ಹಾಯಿಸಿ, ಕನ್ನಡಕದ ಮೇಲಿಂದ ಕ್ಲೇರ್ವಿಯನ್ನು ನೋಡಿದಳು. ಆಮೇಲೆ ಕಡತವನ್ನು ಅವಳ ಕಡೆಗೆ ತಿರುಗಿಸಿಟ್ಟು, ಮುದ್ರೆ ಹುಡುಕುವವಳಂತೆ ಎದ್ದು ಹೋದಳು.

ಆ ಹಾಳೆಯಲ್ಲಿ ಬ್ರಿಯಾಕ್ ಬರೆದ ಮೂರೇ ಸಾಲು.

"ಈ ಮನೆಯ ವಿಷಯದಲ್ಲಿ ನಾನಿನ್ನು ನಿಷ್ಪಕ್ಷಪಾತಿಯಲ್ಲ. ಅಲ್ಲಿ ವಾಸವಿರುವವರೊಬ್ಬರು ನನಗೆ ತುಂಬಾ ಬೇಕಾದವರು. ಆದ್ದರಿಂದ ಕಡತವನ್ನು ಬೇರೆಯವರಿಗೆ ವಹಿಸಬೇಕಾಗಿ ಕೋರುತ್ತೇನೆ."

ಕ್ಲೇರ್ವಿಯ ಕಣ್ಣೆದುರು ಅಕ್ಷರಗಳು ಮಂಜಾದವು. ಕನಿಕರ ಅಲ್ಲ ಎಂದಿದ್ದನಲ್ಲ...

ನದಿಯ ಮೇಲಿನ ಪುಟ್ಟ ಕಾಲುಸೇತುವೆಯಲ್ಲಿ ಅವನು ಎದುರಾದ. ಊಟ ಮುಗಿಸಿ ಬರುತ್ತಿದ್ದವನು ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಯಜಮಾನ್ರು ಹೇಗಿದ್ದಾರೆ?" ಎಂಬುದೇ ಅವನ ಮೊದಲ ಮಾತು.

"ಎಲ್ಲಾ ಹೇಳಿದ್ರು. ಆಣೆ ಹಾಕಿಸ್ಕೊಂಡದ್ದೂ."

ಅವನು ಕಂಬಿಗೆ ಕೈಯೂರಿದ. "ಆಣೆ ನೆಪ. ಹೇಳಬೇಕಾದವನು ನಾನೇ. ಹೇಳಿದ್ರೆ ಶನಿವಾರಗಳು ಹೋಗ್ತವೆ ಅಂತ ನನಗೂ ಭಯ ಇತ್ತು."

"ಆ ಏಪ್ರಿಲ್ ಕಾಗದ ತಪ್ಪು ಅಂತ ಈಗ ಅನ್ಸುತ್ತಾ?"

ಅವನು ಯೋಚಿಸಿ ಉತ್ತರಿಸಿದ. "ಇಲ್ಲ. ಆ ಕಂಬ ಕತ್ತರಿಸೋಕೆ ಇವತ್ತೂ ಒಪ್ಪಲ್ಲ. ಕಾಗದ ಸರಿಯಾಗೇ ಇತ್ತು, ಆದ್ರೆ ಸಾಕಾಗಿರಲಿಲ್ಲ. ಬೇರೆ ಉಪಾಯ ಹುಡುಕ್ಕೊಳ್ಳಿ ಅಂತ ಬರೆದು ಪೆನ್ನು ಮುಚ್ಚಿದ್ದೆ. ಹುಡುಕೋದು ಯಾರ ಕೆಲಸ ಅಂತ ಯೋಚಿಸಿರಲಿಲ್ಲ."

ಸುಳ್ಳು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಅದೇ ಅವಳಿಗೆ ಹಿಡಿಸಿತು.

"ನಾನೂ ಅವತ್ತು ಕೇಳಿಸ್ಕೊಳ್ಳದೆ ಬಾಗಿಲು ಹಾಕಿದೆ," ಎಂದಳು. "ಶನಿವಾರ ಮಾವ ಕಾಯ್ತಿರ್ತಾರೆ. ಗಂಟು ಸರಿ ಮಾಡಿದ್ದೀರಾ ಅಂತ ಕೇಳ್ತಿದ್ರು."

ಮೂರು ಸಾಲಿನ ಆ ಹಾಳೆಯ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಮನಸ್ಸಿನಲ್ಲಿ ಓದಿಕೊಂಡಳು.

*

ನವೆಂಬರ್ ಕೊನೆಗೆ ಒಪ್ಪಿಗೆ ಬಂತು. ಆನೇಗ್‌ಗೆ ಫೋನ್ ಮಾಡಿ ಆಶ್ರಮದ ಪಟ್ಟಿಯಿಂದ ಹೆಸರು ತೆಗೆಸಿದ್ದೂ ಗೊನೆರಿಯೇ.

ತೂಗುಗುರ್ಚಿಯ ಆಸನವನ್ನು ಕ್ಲೇರ್ವಿ ದಪ್ಪ ಹಾಯಿಬಟ್ಟೆಯಲ್ಲಿ ಹೊಲಿದಳು. ಎರಡು ಸೂಜಿ ಮುರಿದವು. ಪ್ರತಿ ಅಂಚಿಗೂ ಮೂರು ಸಾಲು ಹೊಲಿಗೆ. ರಾಟೆ ಕೂರಿಸಿದ ಕೆಲಸಗಾರರು ಮರಳಿನ ಚೀಲಗಳನ್ನು ಹತ್ತು ಸಲ ಏರಿಸಿ ಇಳಿಸಿ ಪರೀಕ್ಷೆ ಮಾಡಿ ಹೋದರು.

ಡಿಸೆಂಬರಿನ ಮೊದಲ ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಮಾಡಿನ ಗಾಜಿನಿಂದ ತೆಳು ಬಿಸಿಲು ಪಡಸಾಲೆಗೆ ಇಳಿದಿತ್ತು. ಗೊನೆರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಪಟ್ಟಿಗಳನ್ನೆಲ್ಲ ತಾವೇ ಎಳೆದು ನೋಡಿಕೊಂಡರು.

"ಇಪ್ಪತ್ತು ಮೀಟರ್ ಹಡಗುಗಂಬದ ಮೇಲೆ, ಬಿರುಗಾಳಿಯಲ್ಲಿ, ಇಂಥದ್ದರಲ್ಲೇ ಕೂತು ಬಣ್ಣ ಬಳಿದವನು ನಾನು," ಎಂದರು. "ಎಳೀರಿ. ಮೂಟೆ ಎಳೆದ ಹಾಗೆ ಎಳೀಬೇಡಿ. ಮನುಷ್ಯನ್ನ ಎಳೆದ ಹಾಗೆ ಎಳೀರಿ."

ಬ್ರಿಯಾಕ್ ಚಕ್ರ ತಿರುಗಿಸಿದ. ಕ್ಲೇರ್ವಿ ಎರಡನೇ ಹಗ್ಗ ಹಿಡಿದಳು. ಕುರ್ಚಿ ನೆಲ ಬಿಟ್ಟಿತು.

ಮೊದಲ ಸೇತುವೆ ದಾಟಿತು. ನಾರು ನೂಲುವ ಹೆಂಗಸಿನ ಪಕ್ಕದಲ್ಲಿ ಹಾಯುವಾಗ ಮುದುಕರು ಕೈ ಎತ್ತಿ ನಮಸ್ಕಾರ ಹೇಳಿದರು. ಅವರ ಬಿಳಿ ಕೂದಲ ಮೇಲೆ ಬಿಸಿಲು ಬಿತ್ತು. ಮೂರನೇ ಅಂತಸ್ತಿನಲ್ಲಿ ಸೇತುವೆಯ ಬಾಗಿಲಿನಂಥ ಕಂಬಿ ತಾವೇ ತೆಗೆದು, ಕಾಲೂರಿ, ಊರುಗೋಲು ಹಿಡಿದು ನಿಂತರು. ಏಪ್ರಿಲ್‌ಗಿಂತ ಈಗ ಅವರ ಕಾಲಿಗೆ ಬಲ ಬಂದಿತ್ತು.

"ಕ್ಲೇರ್ವಿ," ಎಂದು ಕೂಗಿದರು ಮೇಲಿಂದ.

"ಏನು ಮಾವ?"

"ನಾನು ಸ್ವಲ್ಪ ಹೊತ್ತು ಮಲಗ್ತೀನಿ. ಯಾರೂ ಮೇಲೆ ಬರೋದು ಬೇಡ. ಕೆಳಗಿನ ಮಾತು ನನಗೆ ಕೇಳ್ಸೋದೂ ಇಲ್ಲ." ಒಂದು ಗಳಿಗೆ ತಡೆದರು. "ಯೂವೆನ್ ಇದ್ದಿದ್ರೂ ಇದನ್ನೇ ಹೇಳ್ತಿದ್ದ ಮಗಳೇ. ನಿನ್ನ ನಗು ಅವನಿಗೂ ಬಹಳ ಇಷ್ಟ ಇತ್ತು."

ಬಾಗಿಲು ಮುಚ್ಚಿತು.

ಪಡಸಾಲೆಯಲ್ಲಿ ಇಬ್ಬರೇ. ಕೈಯಲ್ಲಿ ಇನ್ನೂ ಹಗ್ಗ. ಬ್ರಿಯಾಕ್ ಚಕ್ರದ ತಡೆಹಲ್ಲನ್ನು ಹಾಕಿದ, ಸರಿಯಾಗಿ ಬಿದ್ದಿದೆಯೇ ಎಂದು ಎರಡೆರಡು ಸಲ ನೋಡಿದ. ಮೂರನೇ ಸಲವೂ ನೋಡಿದ.

"ಅದು ಬಿದ್ದಿದೆ," ಎಂದಳು ಕ್ಲೇರ್ವಿ.

"ಹೌದು. ಬಿದ್ದಿದೆ."

"ಕೆಂಪೇರಲ್ಲಿ ನಿಮ್ಮ ಕಡತ ಓದಿದೆ. ಆಗಸ್ಟ್‌ನಲ್ಲಿ ನೀವು ಬರೆದ ಮೂರು ಸಾಲು."

ಅವನ ಮುಖ ಕಿವಿಯವರೆಗೂ ಕೆಂಪೇರಿತು. "ಅದನ್ನ ನಿಮಗೆ ತೋರಿಸಬಾರದಿತ್ತು..."

"ವಾಸವಿರುವವರೊಬ್ಬರು ಅಂತ ಬರೆದಿದ್ರಿ. ಹೆಸರಿರಲಿಲ್ಲ. ಮಾವನಾ, ನಾನಾ?"

ಅವನಿಗೆ ನಗು ಬಂತು. ಮರುಕ್ಷಣ ಮುಖ ಗಂಭೀರವಾಯಿತು. "ನೀವು, ಕ್ಲೇರ್ವಿ. ಮೂರನೇ ವಾರದಿಂದ. ಐದನೇ ಗಲೆತ್ ಕೇಳೋಕೆ ಧೈರ್ಯ ಇರಲಿಲ್ಲ, ಇದನ್ನ ಹೇಗೆ ಹೇಳಲಿ... ಯೂವೆನ್ ಜಾಗ ಕೇಳ್ತಿಲ್ಲ. ಅದು ಅವರದ್ದೇ. ಪಕ್ಕದಲ್ಲಿ ಎಲ್ಲಾದ್ರೂ ಸ್ವಲ್ಪ ಜಾಗ ಇದ್ರೆ..."

ಆರು ವರ್ಷ ಒಬ್ಬಳೇ ನಿಂತು ನಿಂತು ಮರಗಟ್ಟಿದ್ದ ಯಾವುದೋ ನರ ಎದೆಯೊಳಗೆ ನಿಧಾನವಾಗಿ ಸಡಿಲವಾಗುತ್ತಿತ್ತು. ಅದು ಪೂರ್ತಿ ಸಡಿಲವಾಗುವವರೆಗೆ ಅವಳು ಕಾದಳು.

ಹಗ್ಗ ಕೊಕ್ಕೆಗೆ ಸಿಕ್ಕಿಸಿ, ಹತ್ತಿರ ಬಂದು, ಅವನ ಅಂಗೈ ಬಿಡಿಸಿ ನೋಡಿದಳು. ಚಕ್ರದ ಹಿಡಿ ಒತ್ತಿ ಕೆಂಪಾಗಿತ್ತು. ಅದನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು.

"ಇನ್ನು ಮಾವನನ್ನ ಹೊರೋ ಕೆಲಸ ಇಲ್ಲ," ಎಂದಳು.

"ಇಲ್ಲ."

"ಅಳತೆ ತಗೊಳ್ಳೋದೂ ಇಲ್ಲ."

"ಇಲ್ಲ. ಕಡತವೂ ನನ್ನದಲ್ಲ." ಅವನು ಅವಳ ಬೆರಳು ಹಿಡಿದುಕೊಂಡ. "ಬರೋಕೆ ಒಂದು ಕಾರಣ ಹುಡುಕ್ತಾ ಇದ್ದೀನಿ. ಸಿಗ್ತಾ ಇಲ್ಲ."

ಕ್ಲೇರ್ವಿ ಅವನ ಎದೆಗೆ ಹಣೆ ಒರಗಿಸಿದಳು.

"ಕಾರಣ ಇಲ್ಲದೇನೇ ಬಾ," ಎಂದಳು.